ಗಣಕಯಂತ್ರದ ಪ್ರಗತಿಯನ್ನು ಅಳೆಯುವದು ಹೇಗೆ?



ಕಬ್ಬಿನ ಸುಗ್ಗಿಯಲ್ಲಿ ನಿಮ್ಮ ಹೊಲದಿಂದ ಎಷ್ಟು ಗಾಡಿ ಹೋದವೆಂದು ಯಾರಾದರೂ ಕೇಳಿದರೆ ಹತ್ತು ಎನ್ನುತ್ತೀರಿ, ಹನ್ನೆರಡು ಎನ್ನುತ್ತೀರಿ. ಆದರೆ ಮನೆಯಲ್ಲಿ ದೀಪದ ಮುಂದೆ ಕುಳಿತು ಲೆಕ್ಕ ಹಾಕುವಾಗ ಗಾಡಿಗಳನ್ನು ಎಣಿಸುವದಿಲ್ಲ. ಕಾಟಾದ ಮೇಲೆ ಎಷ್ಟು ಟನ್ನು ಬಿದ್ದಿತು, ಟನ್ನಿಗೆ ದರವೇನು ಸಿಕ್ಕಿತು, ಗೊಬ್ಬರ, ನೀರಪಟ್ಟಿ, ಸೊಸಾಯಿಟಿಯ ಸಾಲ ಕಳೆದು ಕೈಯಲ್ಲಿ ಏನು ಉಳಿಯಿತು ಎಂದು ನೋಡುತ್ತೀರಿ. ಗಾಡಿಯ ಲೆಕ್ಕ ಮಂದಿಗೆ ಹೇಳಲಿಕ್ಕೆ ಸಾಕು. ಸಂಸಾರ ನಡೆಸಲಿಕ್ಕೆ ತೂಕದ ಲೆಕ್ಕವೇ ಬೇಕು.

ಈಗ ನಮ್ಮ ಕೊಲ್ಲಾಪುರ ಜಿಲ್ಲೆಯಲ್ಲಿ ಸರಕಾರದ ಕೆಲಸಗಳು ದಫ್ತರದಿಂದ ಗಣಕಯಂತ್ರಕ್ಕೂ, ಗಣಕಯಂತ್ರದಿಂದ ಕೈಯೊಳಗಿನ ಮೊಬೈಲಿಗೂ ಸಾಗಿವೆ. ಸಾತಬಾರಾ ಉತಾರ, ಫೇರಫಾರ, ಪೀಕ ಪಾಹಣಿ, ರೈತನ ಗುರುತಿನ ಸಂಖ್ಯೆ ಎಲ್ಲವೂ ಅದರಲ್ಲಿಯೇ. ಇಚಲಕರಂಜಿಯ ಮಗ್ಗಗಳಲ್ಲಿಯೂ ಎಣಿಕೆಯ ಯಂತ್ರಗಳು ಬಂದಿವೆ. ಇಂತಿಷ್ಟು ಕೇಂದ್ರ ತೆರೆದವು, ಇಂತಿಷ್ಟು ನೋಂದಣಿ ಆದವು ಎಂಬ ವರದಿಗಳನ್ನು ನಾವು ಕೇಳುತ್ತೇವೆ. ಇವು ಗಾಡಿಯ ಲೆಕ್ಕವೋ ತೂಕದ ಲೆಕ್ಕವೋ? ಇದನ್ನು ತಿಳಿದುಕೊಳ್ಳುವದೇ ಇಂದಿನ ಪಾಠ.

ಈ ಪಾಠ ನನಗೆ ಬಂದ ಬಗೆ

ನಮ್ಮ ಓಣಿಯಲ್ಲಿ ಒಬ್ಬ ಕಾಕು ಇದ್ದಾರೆ. ಗಂಡ ತೀರಿಹೋಗಿ ಬಹಳ ವರುಷವಾಯಿತು. ೧ ಎಕರೆ ೧೦ ಗುಂಠೆ ಹೊಲ. ಎರಡು ವರುಷಗಳ ಹಿಂದೆ ಮುಂಗಾರಿನಲ್ಲಿ ಸೋಯಾಬೀನ ಹಾಕಿದ್ದರು. ಕಾಯಿ ಕಟ್ಟುವ ಹೊತ್ತಿಗೆ ಮಳೆ ಬಿಡದೆ ಹೊಡೆದು ಹೊಲದಲ್ಲಿ ನೀರು ನಿಂತಿತು, ಬೆಳೆ ಕೊಳೆಯಿತು. ಹಾನಿಯ ಪಂಚನಾಮೆಗೆ ಬಂದವರು ಉತಾರ ನೋಡಿದರು. ಅದರ ಬೆಳೆಯ ಕಲಮು ಖಾಲಿ!

ಆದದ್ದು ಇಷ್ಟೇ. ೨೦೨೧ರ ಆಗಸ್ಟ ೧೫ರಿಂದ ಮಹಾರಾಷ್ಟ್ರದಲ್ಲೆಲ್ಲ ಈ-ಪೀಕ ಪಾಹಣಿ ಬಂದಿದೆ. ರೈತನು ತಾನೇ ಹೊಲದಲ್ಲಿ ನಿಂತು, ಮೊಬೈಲಿನಲ್ಲಿ ಬೆಳೆಯ ಛಾಯಾಚಿತ್ರ ತೆಗೆದು, ಗಡುವಿನೊಳಗೆ ಬೆಳೆಯನ್ನು ನಮೂದಿಸಬೇಕು. ಮೊದಲು ಈ ಕೆಲಸ ತಲಾಠಿಯವರದಾಗಿತ್ತು. ಕಾಕುವಿನ ಹತ್ತಿರ ಅಂಥ ಮೊಬೈಲಿಲ್ಲ. ಅಕ್ಕನ ಮಗ ಪುಣೆಯಲ್ಲಿದ್ದಾನೆ. ಊರಲ್ಲಿ ಡಂಗುರ ಸಾರಿದ್ದು ಮರಾಠಿಯಲ್ಲಿ. ಅವರಿಗೆ ಅದು ಇನ್ನಾರಿಗೋ ಹೇಳಿದ ಮಾತಾಗಿ ಕೇಳಿಸಿತು.

ನನ್ನ ಕಟ್ಟೆಯ ಮೇಲೆ ಬಂದು ಕುಳಿತು, “ಮಾಸ್ತರ್ರ, ಬೆಳಿ ಹೊಲದಾಗಿತ್ತು, ಕಾಗದದಾಗ ಇರಲಿಲ್ಲಂತ. ಹೊಲಾ ನಂಬೂದೊ, ಕಾಗದಾ ನಂಬೂದೊ?” ಎಂದರು. ಐದು ಸಾರೆ ತಾಲೂಕಿಗೆ ಹೋಗಿಬಂದರು. ಐದು ದಿನದ ಕೂಲಿ ಹೋಯಿತು. ಆ ಹಂಗಾಮಿನ ಪರಿಹಾರ ಅವರಿಗೆ ಸಿಗಲಿಲ್ಲ. ಅದೇ ಹಂಗಾಮಿನಲ್ಲಿ, ನಮ್ಮ ಊರಿನ ನೋಂದಣಿ ಚೆನ್ನಾಗಿ ಆಗಿದೆಯೆಂದು ಸಭೆಯಲ್ಲಿ ಹೇಳಿದಾಗ ನಾನೂ ಚಪ್ಪಾಳೆ ತಟ್ಟಿದವನೇ. ಸುಳ್ಳನ್ನು ಯಾರೂ ಹೇಳಿರಲಿಲ್ಲ. ಆದರೆ ಆ ಅಳತೆಯಲ್ಲಿ ಕಾಕು ಇರಲಿಲ್ಲ.

ನಮ್ಮ ಜಿಲ್ಲೆಯದೇ ಒಂದು ಹಳೆಯ ಪಾಠ: ವಾರಣಾ

ಪನ್ಹಾಳ ತಾಲೂಕಿನ ವಾರಣಾನಗರವನ್ನು ನೀವು ಬಲ್ಲಿರಿ. ತಾತ್ಯಾಸಾಹೇಬ ಕೋರೆಯವರು ಕಟ್ಟಿ ಬೆಳೆಸಿದ ಸಹಕಾರಿ ಸಂಸ್ಥೆಗಳ ಊರದು. ೧೯೯೮ರಲ್ಲಿ, ಗಣಕಯಂತ್ರದ ಹೆಸರನ್ನೂ ಬಹಳ ಮಂದಿ ಕೇಳಿರದ ಕಾಲಕ್ಕೆ, ಅಲ್ಲಿಯ ಸುತ್ತಲಿನ ಸುಮಾರು ೭೦ ಹಳ್ಳಿಗಳಿಗೆ ಗಣಕಯಂತ್ರ ಜೋಡಿಸುವ ಯೋಜನೆ ಹುಟ್ಟಿತು. ಹಳ್ಳಿಗಳು ಕೊಲ್ಲಾಪುರ ಮತ್ತು ಸಾಂಗಲಿ ಜಿಲ್ಲೆಗಳವು. ಕೇಂದ್ರ ಸರಕಾರ, ರಾಜ್ಯ ಸರಕಾರ ಮತ್ತು ವಾರಣಾ ಸಹಕಾರಿ ಸಂಸ್ಥೆಗಳು ಕೂಡಿ ಹಣ ಹಾಕಿದವು. ಭೂಮಿಯ ದಾಖಲೆ, ಪೇಟೆಯ ಧಾರಣೆ, ಒಕ್ಕಲುತನದ ಸಲಹೆ, ನೌಕರಿಯ ಸುದ್ದಿ ಎಲ್ಲವೂ ಹಳ್ಳಿಯ ಕೇಂದ್ರದಲ್ಲಿ ಸಿಗಬೇಕೆಂಬುದು ಎಣಿಕೆಯಾಗಿತ್ತು.

ಕೆಲವು ವರುಷಗಳಾದ ಮೇಲೆ ಸಂಶೋಧಕರು ಹಳ್ಳಿಗಳಿಗೆ ಹೋಗಿ ಆ ಯಂತ್ರಗಳ ಮುಂದೆ ನಿಜವಾಗಿ ಏನು ನಡೆದಿದೆ ಎಂದು ನೋಡಿದರು. ರೈತರು ಅವುಗಳನ್ನು ಬಹುತರವಾಗಿ ಒಂದೇ ಕೆಲಸಕ್ಕೆ ಬಳಸುತ್ತಿದ್ದರು: ಸಕ್ಕರೆ ಕಾರಖಾನೆಯೊಡನೆ ವ್ಯವಹಾರ. ನನ್ನ ಕಬ್ಬಿನ ಕಡಿತಕ್ಕೆ ಪರವಾನಿಗೆ ಬಂದಿತೇ? ತೂಕ ಎಷ್ಟಾಯಿತು? ಗೊಬ್ಬರದ ಉದ್ರಿ ಎಷ್ಟಿದೆ? ಇಷ್ಟು ಚಿಕ್ಕ ಪ್ರಶ್ನೆಗಳಿಗೆ ಅಷ್ಟು ದೊಡ್ಡ ಯಂತ್ರ, ಅದಕ್ಕೆ ವಿದ್ಯುತ್ತು, ದುರಸ್ತಿ, ಕೆಟ್ಟುಹೋಗುವ ತಂತಿ. ಆದುದರಿಂದ ೨೦೦೬ರ ಸುಮಾರಿಗೆ ಏಳು ಹಳ್ಳಿಗಳಲ್ಲಿ ಗಣಕಯಂತ್ರವನ್ನು ಬದಿಗಿಟ್ಟು, ಸಾದಾ ಮೊಬೈಲಿನ ಸಂದೇಶದಿಂದ ಅದೇ ಕೆಲಸ ನಡೆಸಿ ನೋಡಿದರು. ಕೆಲಸ ನಡೆಯಿತು, ಖರ್ಚೂ ಬಹಳ ಇಳಿಯಿತು.

ಈಗ ನೀವೇ ವಿಚಾರ ಮಾಡಿರಿ. ಹಳ್ಳಿಗಳಲ್ಲಿಯ ಗಣಕಯಂತ್ರಗಳನ್ನು ಎಣಿಸುವದೇ ಪ್ರಗತಿಯ ಅಳತೆಯಾಗಿದ್ದರೆ, ಆ ಏಳು ಹಳ್ಳಿಗಳು ಹಿಂದೆ ಬಿದ್ದವೆಂದು ಬರೆಯಬೇಕಾಗುತ್ತಿತ್ತು! ರೈತನ ಕೆಲಸ ಎಷ್ಟು ಬೇಗ, ಎಷ್ಟು ಖರ್ಚಿನಲ್ಲಿ ಆಯಿತೆಂದು ಅಳೆದರೆ ಅವು ಮುಂದೆ ಹೋದವು. ಹೂಡಿದ್ದನ್ನು ಎಣಿಸುವ ಅಳತೆ ಒಂದು. ಸಿಕ್ಕಿದ್ದನ್ನು ತೂಗುವ ಅಳತೆ ಇನ್ನೊಂದು. ಎರಡನ್ನೂ ಬೇರೆ ಬೇರೆ ಕಲಮಿನಲ್ಲಿ ಬರೆಯಬೇಕು.

ಗಡಿಯ ಆಚೆಯ ಪಾಠ: ‘ಭೂಮಿ’

ನಮ್ಮ ಬೀಗರು, ನೆಂಟರು ಸಂಕೇಶ್ವರ, ನಿಪ್ಪಾಣಿ, ಹುಕ್ಕೇರಿಗಳ ಕಡೆ ಇದ್ದಾರೆ. ಅವರ ಪಹಣಿ ಪತ್ರಿಕೆಗಳು ನಮ್ಮ ಸಾತಬಾರಾಕ್ಕಿಂತ ಮೊದಲೇ ಗಣಕಯಂತ್ರಕ್ಕೆ ಏರಿದವು. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ೨೦೦೨ರ ಹೊತ್ತಿಗೆ ಸುಮಾರು ೬೭ ಲಕ್ಷ ರೈತರ ೨ ಕೋಟಿ ಪಹಣಿಗಳು ೧೭೭ ತಾಲೂಕು ಕೇಂದ್ರಗಳಲ್ಲಿ ಸಿಗುವಂತಾದವು. ೧೫ ರೂಪಾಯಿ ಕೊಟ್ಟರೆ ಯಾರಿಗಾದರೂ ಪ್ರತಿ ಸಿಗುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಂತೆಯೇ ತೆಗೆದುಕೊಳ್ಳಬೇಕೆಂಬ ಕಟ್ಟನ್ನು ಯಂತ್ರದಲ್ಲಿಯೇ ಇಟ್ಟಿದ್ದರು.

ಇವು ದೊಡ್ಡ ಅಂಕೆಗಳು ನಿಜ. ಆದರೆ ನನಗೆ ಹೆಚ್ಚು ಬೆಲೆಯುಳ್ಳದ್ದೆಂದು ತೋರುವದು ಬೇರೆಯ ಅಂಕೆ. ಬೆಂಗಳೂರಿನ ಸಾರ್ವಜನಿಕ ವ್ಯವಹಾರಗಳ ಕೇಂದ್ರದವರು ೨೦೦೨ರಲ್ಲಿ ರೈತರನ್ನೇ ಕೇಳಿದರು: ಪಹಣಿಗಾಗಿ ಲಂಚ ಕೊಡಬೇಕಾಯಿತೇ? ಹಳೆಯ ಕೈಬರಹದ ಪದ್ಧತಿಯಲ್ಲಿ ನೂರಕ್ಕೆ ೬೬ ಮಂದಿ ಹೌದೆಂದರು. ಭೂಮಿ ಕೇಂದ್ರದಲ್ಲಿ ಹೌದೆಂದವರು ನೂರಕ್ಕೆ ೩ ಮಂದಿ. ಇದು ತೂಕದ ಲೆಕ್ಕ. ಯಂತ್ರ ಬರುವ ಮೊದಲು ಹೇಗಿತ್ತು, ಬಂದ ಮೇಲೆ ಹೇಗಾಯಿತು ಎಂಬುದು ಇದರಲ್ಲಿ ಎದುರುಬದುರಾಗಿ ಕಾಣುತ್ತದೆ.

ಇಲ್ಲಿಯೂ ಒಂದು ಮಾತು ನೆನಪಿಡಬೇಕು. ಮೊದಲು ದಫ್ತರ ಊರ ಶಾನುಭೋಗರ ಕೈಯಲ್ಲಿತ್ತು. ಯಂತ್ರ ಕುಳಿತದ್ದು ತಾಲೂಕಿನಲ್ಲಿ. ಲಂಚ ತಪ್ಪಿದರೂ ಬಸ್ಸಿನ ಖರ್ಚು ಮತ್ತು ಒಂದು ದಿನದ ಕೂಲಿ ಹೊಸದಾಗಿ ಬಂದವು. ಒಂದೇ ಅಂಕೆಯನ್ನು ನೋಡಿ ತೀರ್ಮಾನ ಮಾಡಬಾರದೆನ್ನುವದು ಇದಕ್ಕೇ.

ದೊಡ್ಡವರು ಹೇಗೆ ಅಳೆಯುತ್ತಾರೆ?

ಯುರೋಪಿನ ಒಕ್ಕೂಟದವರು ೨೦೧೪ರಿಂದ ತಮ್ಮ ದೇಶಗಳ ಈ ಬಗೆಯ ಪ್ರಗತಿಯನ್ನು ಒಂದು ಸೂಚ್ಯಂಕದಿಂದ ಅಳೆಯತೊಡಗಿದರು. ಅದರಲ್ಲಿ ಇಂಥ ಭಾಗಗಳಿದ್ದವು: ಜನರ ಕೌಶಲ್ಯ, ಅಂತರಜಾಲದ ಸಂಪರ್ಕ, ಉದ್ದಿಮೆಗಳಲ್ಲಿಯ ಬಳಕೆ, ಸರಕಾರದ ಸೇವೆಗಳು. ಕೇಬಲ್ಲು ಎಳೆದದ್ದನ್ನಷ್ಟೇ ಎಣಿಸದೆ, ಅದನ್ನು ಬಳಸಲು ಮನುಷ್ಯನಿಗೆ ಬರುತ್ತದೆಯೇ ಎಂದೂ ಕೇಳಿದರು. ನಮ್ಮ ಕೇಂದ್ರ ಸರಕಾರವೂ ರಾಜ್ಯಗಳ ಸೇವೆಗಳನ್ನು ಪರೀಕ್ಷಿಸುವ ಒಂದು ಮೌಲ್ಯಮಾಪನವನ್ನು ನಡೆಸುತ್ತಿದೆ. ಅದರ ಮೊದಲ ವರದಿ ೨೦೧೯ರದು. ತಾಣವು ಸುಲಭವಾಗಿದೆಯೇ, ಮಾಹಿತಿ ಭದ್ರವಾಗಿದೆಯೇ, ಅರ್ಜಿ ಎಲ್ಲಿಗೆ ಬಂದಿದೆಯೆಂದು ತಿಳಿಯುತ್ತದೆಯೇ, ಕೆಲಸ ಕೊನೆಮುಟ್ಟುತ್ತದೆಯೇ ಎಂದು ಅದು ನೋಡುತ್ತದೆ.

ಇವೆಲ್ಲ ಬೇಕಾದವುಗಳೇ. ಆದರೆ ಇವು ರಾಜ್ಯಕ್ಕೊಂದು, ದೇಶಕ್ಕೊಂದು ಅಂಕೆ ಕೊಡುತ್ತವೆ. ಮುಂಬಯಿಗೂ ಗಡಹಿಂಗ್ಲಜದ ಕನ್ನಡ ಮಾತಿನ ಹಳ್ಳಿಗೂ ಸೇರಿಸಿ ಒಂದೇ ಅಂಕೆ ಬಂದರೆ ನಮ್ಮ ಹಳ್ಳಿಯ ಗತಿ ಅದರಲ್ಲಿ ಕಾಣುವದಿಲ್ಲ. ಜಿಲ್ಲೆಗೆ ಸರಾಸರಿ ಮಳೆ ಚೆನ್ನಾಗಿ ಬಿದ್ದಿತೆಂದರೆ ನಿಮ್ಮ ಬಾವಿಗೆ ನೀರು ಬಂತೆಂದು ಅರ್ಥವಲ್ಲ.

ಮಗ್ಗದ ಮನೆಯಲ್ಲಿ

ಉದ್ದಿಮೆಯ ಮಾತಿಗೆ ಇಚಲಕರಂಜಿಗೆ ಹೋಗೋಣ. ೧೯೦೪ರಲ್ಲಿ ವಿಠ್ಠಲರಾವ ದಾತಾರರು ಮೊದಲ ವಿದ್ಯುನ್ಮಗ್ಗವನ್ನು ಹೂಡಿದ ಊರದು. ನಮ್ಮ ಹಳ್ಳಿಗಳ ಎಷ್ಟೋ ಹುಡುಗರು ಅಲ್ಲಿ ಮಗ್ಗ ನಡೆಸಿ ಮನೆಗೆ ಹಣ ಕಳಿಸುತ್ತಾರೆ. ೨೦೧೭ರ ಜುಲೈದಿಂದ ಜಿ.ಎಸ್.ಟಿ., ೨೦೧೮ರಿಂದ ಮಾಲು ಸಾಗಿಸಲು ಈ-ವೇ ಬಿಲ್ಲು, ೨೦೨೦ರಿಂದ ಸಣ್ಣ ಉದ್ದಿಮೆಗಳ ‘ಉದ್ಯಮ’ ನೋಂದಣಿ, ಹೀಗೆ ಮಾಲಕರ ಕಾಗದಪತ್ರವೆಲ್ಲ ಅಂತರಜಾಲಕ್ಕೆ ಹೋಯಿತು. ಹೊಸ ಮಗ್ಗಗಳಲ್ಲಿ ಎಷ್ಟು ಪಿಕ್ಕು ಬಿದ್ದವು, ಎಷ್ಟು ಸಾರೆ ಮಗ್ಗ ನಿಂತಿತು ಎಂದು ಯಂತ್ರವೇ ತೋರಿಸುತ್ತದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿದ್ದಾನೆ. ಅವನ ಕೂಲಿ ಮೀಟರು ಮತ್ತು ಪಿಕ್ಕಿನ ಲೆಕ್ಕದ ಮೇಲೆ. ದೀಪಾವಳಿಗೆ ಬಂದಾಗ, “ಗುರುಗಳೇ, ಮಗ್ಗದ ಮ್ಯಾಲಿನ ಅಂಕಿ ನನಗೂ ಕಾಣತೈತಿ. ಆದರೂ ಪಾಳಿ ಮುಗಿದ ಕೂಡಲೆ ನನ್ನ ವಹಿಯೊಳಗೂ ಬರಕೊಳ್ತೀನಿ. ಎರಡೂ ಕೂಡಿದರ ಪಗಾರದ ದಿವಸ ಮಾತು ಬೆಳೆಯೂದಿಲ್ಲ” ಎಂದನು. ಈ ಹುಡುಗನಿಗೆ ಅಳತೆಯ ಮರ್ಮ ಗೊತ್ತಾಗಿದೆ. ಎಣಿಕೆಯ ಯಂತ್ರ ಎಷ್ಟು ಮಗ್ಗಗಳಿಗೆ ಬಂತು ಎಂದು ಕೇಳುವದರ ಜೊತೆಗೆ, ಆ ಅಂಕೆ ನೇಕಾರನ ಕಣ್ಣಿಗೂ ಬೀಳುತ್ತದೆಯೇ, ಮಗ್ಗ ನಿಲ್ಲುವ ತಾಸುಗಳು ಕಡಿಮೆಯಾದವೇ, ಕೂಲಿಯ ತಂಟೆ ಕಡಿಮೆಯಾಯಿತೇ ಎಂದು ಕೇಳಬೇಕು. ಕಬ್ಬಿನ ಕಾಟಾಕ್ಕೂ ಇದೇ ಮಾತು.

ಎರಡು ಲೆಕ್ಕಗಳು

ಈಗ ಸ್ವಲ್ಪ ಅಂಕಗಣಿತ. ಮಕ್ಕಳನ್ನೂ ಹತ್ತಿರ ಕೂಡಿಸಿಕೊಳ್ಳಿರಿ. ಇವು ಪಾಠಕ್ಕಾಗಿ ಹಿಡಿದ ಅಂಕೆಗಳು.

ಮೊದಲನೆಯ ಲೆಕ್ಕ. ಒಂದು ಊರಲ್ಲಿ ಹತ್ತು ಜನ ರೈತರು. ಒಬ್ಬನಿಗೆ ೨೦ ಎಕರೆ, ಉಳಿದ ಒಂಬತ್ತು ಮಂದಿಗೆ ತಲಾ ೨ ಎಕರೆ. ಒಟ್ಟು ೩೮ ಎಕರೆ. ದೊಡ್ಡ ರೈತನೊಬ್ಬನೇ ಬೆಳೆ ನೋಂದಿಸಿದನು. ಕ್ಷೇತ್ರದ ಲೆಕ್ಕದಲ್ಲಿ ೩೮ರಲ್ಲಿ ೨೦, ಎಂದರೆ ನೂರಕ್ಕೆ ೫೨ಕ್ಕಿಂತ ಹೆಚ್ಚು. ಅರ್ಧ ಊರು ಮುಗಿಯಿತು! ಜನರ ಲೆಕ್ಕದಲ್ಲಿ ಹತ್ತರಲ್ಲಿ ಒಬ್ಬ. ಒಂಬತ್ತು ಮನೆಗಳು ಹೊರಗೆ. ಎರಡೂ ಸತ್ಯ. ಆದುದರಿಂದ ನೂರಕ್ಕೆ ಇಷ್ಟು ಎಂದು ಯಾರಾದರೂ ಹೇಳಿದರೆ, ಯಾವುದರ ನೂರಕ್ಕೆ ಎಂದು ಮೊದಲು ಕೇಳಿರಿ: ಎಕರೆಯದೋ, ಖಾತೇದಾರರದೋ?

ಎರಡನೆಯ ಲೆಕ್ಕ. ಐದು ಜನರು ಒಂದೇ ಬಗೆಯ ಅರ್ಜಿ ಕೊಟ್ಟರು. ಕೆಲಸವಾಗಲು ೨, ೩, ೩, ೪, ೪೮ ದಿನಗಳು ಹಿಡಿದವು. ಕೂಡಿಸಿದರೆ ೬೦; ಐದರಿಂದ ಭಾಗಿಸಿದರೆ ಸರಾಸರಿ ೧೨ ದಿನ. ಆದರೆ ಹನ್ನೆರಡು ದಿನ ಹಿಡಿದವರು ಒಬ್ಬರೂ ಇಲ್ಲ! ಸಾಲಾಗಿ ನಿಲ್ಲಿಸಿ ನಡುವಿನವನನ್ನು ನೋಡಿದರೆ ೩ ದಿನ. ಕೊನೆಯವನಿಗೆ ೪೮. ಆದುದರಿಂದ ನಡುವಿನ ಅಂಕೆಯನ್ನೂ ಕೊನೆಯ ಅಂಕೆಯನ್ನೂ ಎರಡನ್ನೂ ಬರೆಯಿರಿ. ನಡುವಿನದು ಪದ್ಧತಿ ಹೇಗಿದೆಯೆಂದು ಹೇಳುತ್ತದೆ. ಕೊನೆಯದು ಎಲ್ಲಿ ಸಿಕ್ಕಿಬಿದ್ದಿದೆಯೆಂದು ಹೇಳುತ್ತದೆ. ನಮ್ಮ ಕಾಕು ಆ ಕೊನೆಯ ಅಂಕೆ.

ಊರ ವಹಿ

ಒಂದು ನೂರು ಪುಟದ ವಹಿ ತೆಗೆದುಕೊಳ್ಳಿರಿ. ಪ್ರತಿ ಪುಟದ ಮೇಲೆ ಸೇವೆಯ ಹೆಸರು: ಸಾತಬಾರಾ, ಫೇರಫಾರ, ಪೀಕ ಪಾಹಣಿ, ರೈತನ ಗುರುತಿನ ಸಂಖ್ಯೆ, ಉತ್ಪನ್ನದ ದಾಖಲೆ. ಕೆಳಗೆ ಐದು ಕಲಮು:

೧. ದಿನ: ಅರ್ಜಿ ಕೊಟ್ಟ ದಿನದಿಂದ ಕಾಗದ ಕೈಗೆ ಬಂದ ದಿನದವರೆಗೆ ಎಷ್ಟು?

೨. ಸಾರೆ: ಅದಕ್ಕಾಗಿ ಎಷ್ಟು ಸಾರೆ ಮನೆ ಬಿಟ್ಟು ಹೋಗಬೇಕಾಯಿತು?

೩. ಖರ್ಚು: ಸರಕಾರದ ಶುಲ್ಕ ಬೇರೆ, ಬಸ್ಸು, ಕೂಲಿ, ಮೇಲೆ ಕೊಟ್ಟದ್ದು ಬೇರೆ. ಡಿಜಿಟಲ್ ಸಹಿಯ ಸಾತಬಾರಾ ೨೦೧೮ರ ಮೇ ೧ರಿಂದ ಬಂದಿದೆ, ಅದಕ್ಕೆ ಗೊತ್ತುಪಡಿಸಿದ ಶುಲ್ಕ ೧೫ ರೂಪಾಯಿ. ನೀವು ಒಟ್ಟು ಎಷ್ಟು ಕೊಟ್ಟಿರಿ?

೪. ತಪ್ಪು: ಹೆಸರು, ಕ್ಷೇತ್ರ, ಬೆಳೆ ಸರಿಯಾಗಿ ಬಂದವೇ? ತಪ್ಪಿದ್ದರೆ ತಿದ್ದಲು ಎಷ್ಟು ದಿನ?

೫. ಕೈ: ಯಾರು ಮಾಡಿದರು? ತಾನೇ, ಮಗನೇ, ಕೇಂದ್ರದವನೇ, ದಲ್ಲಾಳಿಯೇ? ಬಂದ ಕಾಗದವನ್ನು ಓದಿ ತಿಳಿದುಕೊಂಡರೇ?

ವಹಿಯಲ್ಲಿ ಆಧಾರ ಸಂಖ್ಯೆ, ಬ್ಯಾಂಕಿನ ಸಂಖ್ಯೆ ಬರೆಯಬಾರದು. ಮೊಬೈಲಿಗೆ ಬರುವ ಗುಪ್ತ ಅಂಕೆಯನ್ನಂತೂ ಬರೆಯುವವನಿಗೂ ಹೇಳಬಾರದು.

ಯಾರನ್ನು ಕೇಳಬೇಕು? ಸೇವಾ ಕೇಂದ್ರದ ಬಾಗಿಲಲ್ಲಿ ಕುಳಿತು ಕೇಳಿದರೆ ಅಲ್ಲಿಗೆ ಬಂದು ಮುಟ್ಟಿದವರಷ್ಟೇ ಸಿಗುತ್ತಾರೆ. ಕಾಲುವೆಯ ಪಕ್ಕದ ಸಾಲನ್ನಷ್ಟೇ ಅಳೆದು ಇಡಿಯ ಹೊಲದ ಇಳುವರಿ ಹೇಳಿದಂತೆ ಅದು. ಊರ ಒಂದು ತುದಿಯಿಂದ ಹೊರಟು ಪ್ರತಿ ಐದನೆಯ ಮನೆಗೆ ಹೋಗಿರಿ. ಮನೆ ದೊಡ್ಡದಿರಲಿ ಚಿಕ್ಕದಿರಲಿ ಬಿಡಬಾರದು. ಏಳನೆಯ, ಎಂಟನೆಯ ಇಯತ್ತೆಯ ಮಕ್ಕಳು ಇದನ್ನು ಸುಲಭವಾಗಿ ಮಾಡಬಲ್ಲರು. ಆರು ತಿಂಗಳಾದ ಮೇಲೆ ಅದೇ ಮನೆಗಳಿಗೆ ಮತ್ತೆ ಹೋಗಬೇಕು. ಮೊದಲ ಅಳತೆಯಿಲ್ಲದೆ ಪ್ರಗತಿ ಎಂಬ ಮಾತಿಗೆ ಅರ್ಥವಿಲ್ಲ.

ಬೇರೆ ಊರುಗಳೊಡನೆ ಹೋಲಿಸುವಾಗ ಒಂದೇ ಸೇವೆ, ಒಂದೇ ತಿಂಗಳು ಇರಲಿ. ಕೊಲ್ಲಾಪುರ ಪಟ್ಟಣದ ಬಳಿಯ ಹಳ್ಳಿಯೊಂದು, ಇಚಲಕರಂಜಿಯ ಬಳಿಯದೊಂದು, ಗಡಹಿಂಗ್ಲಜದ ಗಡಿಯದೊಂದು ಹೀಗೆ ಮೂರು ವಹಿಗಳನ್ನು ಎದುರಿಗಿಟ್ಟು ನೋಡಿರಿ. ಅಲ್ಲಿ ಎರಡು ದಿನ, ಇಲ್ಲಿ ಹನ್ನೆರಡು ದಿನವಾದರೆ ಕೆಲಸ ನಿಂತದ್ದೆಲ್ಲಿ ಎಂದು ಹುಡುಕಬೇಕು. ಮೊಬೈಲಿಗೆ ರೇಂಜು ಸಿಗಲಿಲ್ಲವೋ, ಮಾಡುವವರು ಇರಲಿಲ್ಲವೋ, ಹಳೆಯ ದಫ್ತರದ ತಪ್ಪೋ, ಭಾಷೆ ತಿಳಿಯಲಿಲ್ಲವೋ? ರೋಗ ನಾಲ್ಕು ಬಗೆಯದು, ಔಷಧವೂ ನಾಲ್ಕು ಬಗೆಯದು.

ವಹಿಯಿಂದ ಉಪಯೋಗವೇನು?

ಬರಿಯ ದೂರಿಗೂ ಅಂಕೆಯುಳ್ಳ ದೂರಿಗೂ ಬಹಳ ಅಂತರ. ಮಹಾರಾಷ್ಟ್ರದಲ್ಲಿ ೨೦೧೫ರಿಂದ ಲೋಕಸೇವಾ ಹಕ್ಕಿನ ಕಾಯಿದೆ ಇದೆ. ಯಾವ ಸೇವೆ, ಎಷ್ಟು ದಿನದಲ್ಲಿ, ಯಾವ ಅಧಿಕಾರಿ ಕೊಡಬೇಕು ಎಂಬುದನ್ನು ಪ್ರಕಟಿಸಬೇಕು. ದಿನ ಮೀರಿದರೆ ಮೇಲಿನ ಅಧಿಕಾರಿಗೆ ಅಪೀಲು ಮಾಡಬಹುದು. ಕರ್ನಾಟಕದಲ್ಲಿ ೨೦೧೨ರಿಂದ ‘ಸಕಾಲ’ ನಡೆದಿದೆ. ಅಲ್ಲಿಯ ಕಾಯಿದೆಯಲ್ಲಿ ತಡವಾದ ಪ್ರತಿ ದಿನಕ್ಕೆ ೨೦ ರೂಪಾಯಿಯಂತೆ ೫೦೦ರ ವರೆಗೆ ಅರ್ಜಿದಾರನಿಗೆ ಪರಿಹಾರ ಇಟ್ಟರು. ಈ ಕಾಯಿದೆಗಳಿಗೆ ದಿನವೇ ಅಳತೆ. ಅರ್ಜಿ ಕೊಟ್ಟ ರಸೀದಿ ಮತ್ತು ತಾರೀಖು ನಿಮ್ಮ ಹತ್ತಿರ ಇಲ್ಲದಿದ್ದರೆ ಕಾಯಿದೆ ಇದ್ದೂ ಇಲ್ಲದಂತೆ.

ಉತಾರದಲ್ಲಿ ಬರಹದ ತಪ್ಪಿದ್ದರೆ ೧೯೬೬ರ ಮಹಾರಾಷ್ಟ್ರ ಜಮೀನು ಮಹಸೂಲ ಸಂಹಿತೆಯ ೧೫೫ನೆಯ ಕಲಮಿನ ಕೆಳಗೆ ತಿದ್ದುಪಡಿಗೆ ಅರ್ಜಿ ಕೊಡಬಹುದು. ಹಳೆಯ ಕೈಬರಹದ ಉತಾರದ ಪ್ರತಿಯನ್ನು ಜೋಡಿಸಿರಿ. ಭಾಷೆಯ ವಿಷಯಕ್ಕೆ, ಸಂವಿಧಾನದ ೩೫೦ನೆಯ ಕಲಮು ನೋಡಿರಿ: ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಅಥವಾ ದೇಶದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಕೊಡಲು ಪ್ರತಿಯೊಬ್ಬನಿಗೆ ಹಕ್ಕಿದೆ. ಇದು ಜಗಳಕ್ಕಾಗಿ ಹೇಳಿದ ಮಾತಲ್ಲ. ಮರಾಠಿಯನ್ನು ನಾವೆಲ್ಲ ಸಂತೆಯಲ್ಲಿ, ಕಚೇರಿಯಲ್ಲಿ ಆಡುತ್ತೇವೆ, ಮಕ್ಕಳು ಕಲಿಯಲೇಬೇಕು. ಆದರೆ ಗಡುವಿನ ಸೂಚನೆ ಮುದುಕರಿಗೆ ತಿಳಿಯುವ ಮಾತಿನಲ್ಲಿಯೂ ಇದ್ದರೆ ಒಂದು ಬೆಳೆ ಉಳಿಯುತ್ತದೆ.

ಕಾಕುವಿನ ಸಾಲು

ಕಳೆದ ಮುಂಗಾರಿನಲ್ಲಿ ನಮ್ಮ ಊರಲ್ಲಿ ಇಂಥ ವಹಿ ಇಟ್ಟೆವು. ಮೊದಲ ಸುತ್ತಿನಲ್ಲಿಯೇ ಒಂದು ಸಂಗತಿ ಹೊರಬಿದ್ದಿತು. ಪೀಕ ಪಾಹಣಿ ಆಗದ ಮನೆಗಳು ಎಲ್ಲೆಲ್ಲೋ ಚದುರಿರಲಿಲ್ಲ. ಹೆಚ್ಚಿನವು ಒಂಟಿ ಹೆಂಗಸರ ಮನೆಗಳು, ಮಕ್ಕಳು ಪುಣೆ-ಮುಂಬಯಿಗೆ ಹೋದ ಮುದುಕರ ಮನೆಗಳು. ಹಾಗಾದರೆ ಔಷಧವೂ ಸುಲಭ. ಶನಿವಾರ ಶಾಲೆ ಬಿಟ್ಟ ಮೇಲೆ ಹುಡುಗಿಯರಿಬ್ಬರು ಒಂದು ಮೊಬೈಲು ಹಿಡಿದು ಆ ಹೊಲಗಳಿಗೆ ಒಡತಿಯರ ಜೊತೆಗೇ ಹೋದರು.

ಕಾಕುವಿನ ಸಾಲು ಈಗ ವಹಿಯಲ್ಲಿ ಹೀಗಿದೆ. ಹಿಂದಿನದು: ಸಾರೆ ೫, ಐದು ದಿನದ ಕೂಲಿ, ಬೆಳೆ ನಮೂದಾಗಿಲ್ಲ. ಈಗಿನದು: ದಿನ ೧, ಸಾರೆ ೦, ಖರ್ಚು ೦, ತಪ್ಪಿಲ್ಲ, ಕೈ: ಎಂಟನೆಯ ಇಯತ್ತೆಯ ಹುಡುಗಿ. ಹೋದ ಹಂಗಾಮಿನ ಪರಿಹಾರವಂತೂ ತಿರುಗಿ ಬರಲಿಲ್ಲ. ಆ ಕಲಮನ್ನು ಅಳಿಸದೆ ಹಾಗೆಯೇ ಬಿಟ್ಟಿದ್ದೇವೆ.

ಮನೆಯಲ್ಲಿ ಮಾಡಲು

೧. ನಿಮ್ಮ ಸಾತಬಾರಾವನ್ನು ಇಂದೇ ತೆಗೆಸಿ, ಹೆಸರು, ಕ್ಷೇತ್ರ, ಬೆಳೆ ಮೂರನ್ನೂ ಹಳೆಯದರೊಡನೆ ತಾಳೆ ನೋಡಿರಿ.

೨. ಕಳೆದ ವರುಷ ಸರಕಾರದ ಒಂದು ಕೆಲಸಕ್ಕೆ ನಿಮಗೆ ಹಿಡಿದ ದಿನ, ಸಾರೆ, ಖರ್ಚು ಬರೆಯಿರಿ.

೩. ನಿಮ್ಮ ಓಣಿಯಲ್ಲಿ ಮೊಬೈಲು ಬಾರದವರು ಯಾರಿದ್ದಾರೆ? ಅವರ ಬೆಳೆ ನಮೂದಾಗಿದೆಯೇ? ಗಡುವು ಮುಗಿಯುವ ಮೊದಲು ಹೋಗಿ ಕೇಳಿರಿ.